ಫುಟ್‌ಬಾಲ್ ವೀರ ಎರ್ನಿ ಡೇವಿಸ್

ಪಂದ್ಯದಲ್ಲಿ ಗೆದ್ದವನಿಗೆ ಕೀರ್ತಿ ಲಭಿಸುವುದು ಸಹಜ. ಆದರೆ ಗೆದ್ದ ದಿನವೇ ಅವಮಾನವನ್ನು ಉಣ್ಣಬೇಕಾಗಿ ಬಂದಾಗಲೂ ಸಮಚಿತ್ತದಿಂದ ನಡೆದುಕೊಂಡು, ಎಲ್ಲರ ಗೌರವಕ್ಕೆ ಪಾತ್ರರಾದವರು ವಿರಳ. ಕೇವಲ 23 ವರ್ಷ ಬಾಳಿದ ಅಮೆರಿಕದ ಎರ್ನಿ ಡೇವಿಸನು ಅಂತಹ ವಿರಳರಲ್ಲೊಬ್ಬನು.

ಡೇವಿಸನು 1939ನೆಯ ಇಸವಿ ಡಿಸೆಂಬರ್ 14ರಂದು ಪೆನ್ಸಿಲ್ವೇನಿಯ ಸಂಸ್ಥಾನದ ನ್ಯೂ ಸೇಲಂನಲ್ಲಿ, ಕರಿಯ ಜನಾಂಗದ ಬಡ ಕುಟುಂಬವೊಂದರಲ್ಲಿ ಜನಿಸಿದನು. ತಂದೆಯ ಆಸರೆ ಅವನಿಗೆ ದೊರೆಯಲಿಲ್ಲ. ಕಲ್ಲಿದ್ದಲ ಗಣಿಯಲ್ಲಿ ದುಡಿಯುತ್ತಿದ್ದ ಅಜ್ಜನೂ ಅಜ್ಜಿಯೂ ಯೂನಿಯನ್‌ಟೌನಿನಲ್ಲಿ ಅವನನ್ನು ಸಾಕಿ ಬೆಳೆಸಿದರು. ಬಾಲ್ಯದಲ್ಲಿ ಅವನ ಮಾತು ತೊದಲುತ್ತಿತ್ತು. 12ನೆಯ ವಯಸ್ಸಿನಲ್ಲಿ ಅವನು ನ್ಯೂಯಾರ್ಕ್ ಸಂಸ್ಥಾನದ ಎಲ್ಮೈರ ನಗರದಲ್ಲಿದ್ದ ತಾಯಿಯ ಬಳಿಗೆ ಬಂದನು. ಮಾತಿನಲ್ಲಿ ಹಿಂಜರಿಯುತ್ತಿದ್ದ ಈ ಹುಡುಗನು ಅಲ್ಲಿಯ ಪ್ರೌಢಶಾಲೆಯ ಆಟದ ಬಯಲಿನಲ್ಲಿ ಎಲ್ಲರನ್ನೂ ಮೀರಿಸಿದನು.

ಅಮೆರಿಕದ ಫುಟ್‌ಬಾಲ್ ನಮ್ಮಲ್ಲಿ ಆಡುವ ಕಾಲ್ಚೆಂಡಾಟವಲ್ಲ. ತಂಡಕ್ಕೆ ಹನ್ನೊಂದು ಮಂದಿಯೇ ಆದರೂ, ಅಲ್ಲಿಯ ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕೈಯಲ್ಲಿ ಅವಚಿಕೊಂಡು, ಮೇಲೆ ಬೀಳುವ ಎದುರಾಳಿಗಳನ್ನು ತಪ್ಪಿಸುತ್ತ, ಅವರ ಗಡಿರೇಖೆಯನ್ನು ದಾಟಿದರೆ ಆರು ಅಂಕಗಳು. ಚೆಂಡು ಹಿಡಿದು ಓಡುವುದರಲ್ಲಿ ಡೇವಿಸನು ಅಸಮಾನನಾಗಿದ್ದನು. 1958ರಲ್ಲಿ ಅವನು ಸಿರಾಕ್ಯೂಸ್ ವಿಶ್ವವಿದ್ಯಾಲಯವನ್ನು ಸೇರಿದನು. ಅದೇ ತಂಡದಲ್ಲಿ ಹಿಂದೆ ಪ್ರಖ್ಯಾತನಾಗಿದ್ದ ಜಿಮ್ ಬ್ರೌನನ 44ನೆಯ ಸಂಖ್ಯೆಯ ಅಂಗಿ ಅವನ ಪಾಲಿಗೆ ಬಂದಿತು. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಮುಖ್ಯ ತಂಡದಲ್ಲಿ ಸ್ಥಳವಿರಲಿಲ್ಲವಾದುದರಿಂದ 1959ರ ಋತುವೇ ಅವನ ಪ್ರಥಮ ಪರೀಕ್ಷೆಯಾಯಿತು.

ತರಬೇತುದಾರ ಬೆನ್ ಶ್ವಾರ್ಟ್ಸ್‌ವಾಲ್ಡರನ ಆ ತಂಡವು ಋತುವಿನ ಹತ್ತು ಪಂದ್ಯಗಳನ್ನೂ ಗೆದ್ದಿತು. ಮುನ್ನುಗ್ಗುವುದರಲ್ಲಿಯೂ ಎದುರಾಳಿಯನ್ನು ತಡೆಯುವುದರಲ್ಲಿಯೂ ದೇಶಕ್ಕೇ ಮೊದಲನೆಯದಾಯಿತು. ಹನ್ನೊಂದನೆಯ ಪಂದ್ಯವು 1960ರ ಜನವರಿ 1ರಂದು, ದಕ್ಷಿಣದ ಡಲ್ಲಾಸ್ ನಗರದ ಕಾಟನ್ ಬೌಲ್‌ನಲ್ಲಿ, ಟೆಕ್ಸಾಸ್ ವಿಶ್ವವಿದ್ಯಾಲಯದ ಎದುರು. ವರ್ಣಭೇದವು ಬೇರೂರಿದ್ದ ನಾಡು ಅದು. ಟೆಕ್ಸಾಸ್ ತಂಡದಲ್ಲಿ ಕರಿಯನೊಬ್ಬನೂ ಇರಲಿಲ್ಲ. ತೊಡೆಯ ಸ್ನಾಯುವಿನ ನೋವಿದ್ದರೂ ಡೇವಿಸನು ಆಡಿದನು. ಆಟ ತೊಡಗಿದ ಅಲ್ಪಕಾಲದಲ್ಲಿಯೇ ಜೊತೆಗಾರ ಗೆರ್ ಶ್ವೇಡಸನು ಎಸೆದ ಚೆಂಡನ್ನು ಹಿಡಿದು ಗಡಿಯನ್ನು ದಾಟಿದನು. ಎಸೆತವೂ ಓಟವೂ ಸೇರಿ ಅದು 87 ಗಜಗಳ ದಾಖಲೆ. ಸಿರಾಕ್ಯೂಸ್ 23, ಟೆಕ್ಸಾಸ್ 14. ತಂಡವು ರಾಷ್ಟ್ರವಿಜೇತವೆನಿಸಿತು, ಡೇವಿಸನು ಪಂದ್ಯದ ಶ್ರೇಷ್ಠ ಆಟಗಾರರಲ್ಲೊಬ್ಬನೆಂಬ ಬಹುಮಾನಕ್ಕೆ ಅರ್ಹನಾದನು.

ಆ ಬಹುಮಾನವನ್ನು ಕೊಡಲು ಔತಣವೊಂದು ಏರ್ಪಟ್ಟಿತ್ತು. ಬಹುಮಾನವನ್ನೇನೋ ಸ್ವೀಕರಿಸಬಹುದು; ಆದರೆ ಅನಂತರದ ಸಂತೋಷಕೂಟದಲ್ಲಿ ಅವನಿಗೂ ಅವನ ಕರಿಯ ಜೊತೆಗಾರರಿಗೂ ಸ್ಥಳವಿಲ್ಲವೆಂಬುದು ಅಲ್ಲಿಯ ಕಟ್ಟಳೆ. ಯಾರ ಸಲುವಾಗಿ ದೀಪ ಹಚ್ಚಲಾಗಿತ್ತೋ ಅವನನ್ನೇ ಕತ್ತಲೆಗೆ ಕಳುಹಿಸಿದಂತಾಯಿತು. ಕರೆದ ಅತಿಥಿಯನ್ನು ಪಂಕ್ತಿಯಿಂದ ಎಬ್ಬಿಸುವುದು ಎಂತಹ ಪಾಪವೆಂಬುದನ್ನು, ದಿನವೂ ಹತ್ತಾರು ಮಂದಿಗೆ ಬಡಿಸುವ ನಮ್ಮ ವಾಚಕ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಿಳಿಯ ಜೊತೆಗಾರರಿಗೂ ಇದು ಸಹಿಸದಾಯಿತು. ತಿಂಗಳುಗಟ್ಟಲೆ ಒಟ್ಟಿಗೆ ಬೆವರು ಸುರಿಸಿದವರಿಗೆ ಮೇಜಿನ ಬಳಿ ಬೇರೆಯಾಗುವುದು ಅರ್ಥವಿಲ್ಲದ ಮಾತಾಗಿ ಕಂಡಿತು.

ಡೇವಿಸನು ಮನಸ್ಸನ್ನು ಕಹಿಮಾಡಿಕೊಳ್ಳದೆ ಆಟವನ್ನು ಮುಂದುವರಿಸಿದನು. 1961ರಲ್ಲಿ ಕಾಲೇಜು ಫುಟ್‌ಬಾಲಿನ ಪರಮೋಚ್ಚ ಗೌರವವಾದ ಹೈಸ್‌ಮನ್ ಪಾರಿತೋಷಕವನ್ನು ಪಡೆದ ಪ್ರಥಮ ಕರಿಯನಾದನು. ಅಧ್ಯಕ್ಷ ಕೆನೆಡಿಯವರು ಅವನನ್ನು ಕಂಡು ಅಭಿನಂದಿಸಿದರು. ಅದುವರೆಗೆ ಕರಿಯರನ್ನು ಸೇರಿಸದಿದ್ದ ವಾಷಿಂಗ್‌ಟನ್ ವೃತ್ತಿಪರ ತಂಡವು, ಸರ್ಕಾರದ ಒತ್ತಾಯಕ್ಕೆ ಮಣಿದು, 1962ರ ಸಾಲಿಗೆ ಎಲ್ಲರಿಗಿಂತ ಮೊದಲು ಅವನನ್ನು ಆರಿಸಿತು. ಬಳಿಕ ಬಾಬಿ ಮಿಚೆಲ್ ಮೊದಲಾದವರನ್ನು ಪಡೆದು ಅವನನ್ನು ಕ್ಲೀವ್‌ಲೆಂಡಿಗೆ ಬಿಟ್ಟುಕೊಟ್ಟಿತು. ಹೀಗೆ ಡೇವಿಸನ ನಿಮಿತ್ತದಿಂದ ಮುಚ್ಚಿದ ಬಾಗಿಲೊಂದು ಇತರರಿಗೆ ತೆರೆಯಿತು.

ವಿಧಿ ಮಾತ್ರ ಬೇರೊಂದನ್ನು ಬಗೆದಿತ್ತು. ಅದೇ ವರ್ಷದ ಬೇಸಗೆಯಲ್ಲಿ ಅವನಿಗೆ ರಕ್ತದ ಕ್ಯಾನ್ಸರ್ ಇರುವುದು ತಿಳಿಯಿತು. ವೃತ್ತಿಪರ ಪಂದ್ಯವೊಂದನ್ನೂ ಆಡದೆ, 1963ರ ಮೇ 18ರಂದು ಅವನು ಕ್ಲೀವ್‌ಲೆಂಡಿನಲ್ಲಿ ಕಣ್ಮುಚ್ಚಿದನು. ಎಲ್ಮೈರದಲ್ಲಿ ಸಹಸ್ರಾರು ಜನರು ಅವನ ಅಂತಿಮದರ್ಶನ ಪಡೆದರು. ಅವರಲ್ಲಿ ಕರಿಯರೂ ಇದ್ದರು, ಬಿಳಿಯರೂ ಇದ್ದರು. ಆ ಸಾಲಿನಿಂದ ಯಾರನ್ನೂ ಯಾರೂ ಹೊರಗೆ ಕಳುಹಿಸಲಿಲ್ಲ.