ಗುರುದತ್ತ್: ತೆರೆಯ ದಾಂಪತ್ಯ, ಮನೆಯ ದಾಂಪತ್ಯ

ಮುಂಬಯಿಯಲ್ಲಿ ನೆಲೆನಿಂತ ನಮ್ಮ ಹಿರಿಯರಲ್ಲಿ ಅನೇಕರಿಗೆ ಯೌವನದ ದಿನಗಳ ನೆನಪೆಂದರೆ ಗುರುದತ್ತ್ ಅವರ ಚಿತ್ರಗಳ ನೆನಪೂ ಹೌದು. ಹಿಂದಿ ಚಿತ್ರರಂಗದ ಈ ಮೇರು ನಿರ್ದೇಶಕರು ಜನಿಸಿದ್ದು 1925ರ ಜುಲೈ 9ರಂದು, ನಮ್ಮ ಬೆಂಗಳೂರಿನಲ್ಲಿ. ವಸಂತಕುಮಾರ ಶಿವಶಂಕರ ಪಡುಕೋಣೆ ಎಂಬುದು ಅವರ ಪೂರ್ಣ ಹೆಸರು; ಮನೆಮಾತು ಕೊಂಕಣಿ. ತಾಯಿ ವಾಸಂತಿ ಪಡುಕೋಣೆಯವರು ಶಿಕ್ಷಕಿ ಹಾಗೂ ಲೇಖಕಿ. ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು.

ಬಾಲ್ಯ ಕಳೆದದ್ದು ಕಲ್ಕತ್ತೆಯಲ್ಲಿ. ಬಳಿಕ ಅಲ್ಮೋರಾದ ಉದಯಶಂಕರ್ ಅವರ ಕಲಾಕೇಂದ್ರದಲ್ಲಿ ನೃತ್ಯಾಭ್ಯಾಸ. 1944ರಲ್ಲಿ ಪುಣೆಯ ಪ್ರಭಾತ್ ಫಿಲ್ಮ್ ಕಂಪೆನಿಗೆ ಸೇರಿದಾಗ ದೇವ್ ಆನಂದ್ ಅವರ ಸ್ನೇಹ ದೊರೆಯಿತು. ಆ ಸ್ನೇಹದ ಫಲವಾಗಿ 1951ರಲ್ಲಿ ‘ಬಾಜಿ’ ಚಿತ್ರದ ಮೂಲಕ ಅವರು ನಿರ್ದೇಶಕರಾದರು. ಅದೇ ಚಿತ್ರದ ಹಾಡುಗಳ ಧ್ವನಿಮುದ್ರಣದ ಸಂದರ್ಭದಲ್ಲಿ, ಆಗಲೇ ಹೆಸರುವಾಸಿಯಾಗಿದ್ದ ಗಾಯಕಿ ಗೀತಾ ರಾಯ್ ಅವರ ಪರಿಚಯವಾಯಿತು. ಪರಿಚಯ ಪ್ರೇಮವಾಗಿ, 1953ರ ಮೇ 26ರಂದು ವಿವಾಹ ನೆರವೇರಿತು. ನಿರ್ದೇಶಕ ವರ, ಗಾಯಕಿ ವಧು: ಸಿನೆಮಾ ಕಥೆಯೇ ಮನೆಗಿಳಿದು ಬಂದಂತಿತ್ತು.

1955ರಲ್ಲಿ ತೆರೆಕಂಡ ‘ಮಿಸ್ಟರ್ ಅಂಡ್ ಮಿಸೆಸ್ 55’ ಮದುವೆಯನ್ನೇ ವಸ್ತುವಾಗಿಸಿಕೊಂಡ ವಿನೋದಚಿತ್ರ. ಆಸ್ತಿಗಾಗಿ ನಡೆದ ನಾಮಮಾತ್ರದ ವಿವಾಹ ನಿಜವಾದ ಪ್ರೇಮವಾಗಿ ಮಾರ್ಪಡುತ್ತದೆ. ಹಿಂದೂ ವಿವಾಹ ಕಾಯಿದೆ ಜಾರಿಗೆ ಬಂದು ವಿಚ್ಛೇದನದ ಚರ್ಚೆ ಎಲ್ಲೆಡೆ ನಡೆಯುತ್ತಿದ್ದ ವರ್ಷವದು. ಪ್ರೇಮವೊಂದಿದ್ದರೆ ಉಳಿದುದೆಲ್ಲ ತಾನಾಗಿ ಸರಿಹೋಗುತ್ತದೆಂಬ ನಂಬಿಕೆಯನ್ನು ಇಂತಹ ಚಿತ್ರಗಳು ನಮ್ಮ ಮನೆಗಳಿಗೂ ಹೊತ್ತು ತಂದವು. ನಾಯಕ ನಾಯಕಿಯರು ಒಂದಾದೊಡನೆ ತೆರೆ ಬೀಳುತ್ತದೆ. ಸಂಸಾರ ಆರಂಭವಾಗುವುದು ಆಮೇಲೆ ಎಂಬುದನ್ನು ಪ್ರೇಕ್ಷಕರಾದ ನಾವು ಮರೆತೆವು.

ಗುರುದತ್ತ್ ಅವರ ಸ್ವಂತ ಬಾಳಿನಲ್ಲಿ ಪ್ರೇಮವಿತ್ತು, ಕೀರ್ತಿಯಿತ್ತು, ಮೂವರು ಮಕ್ಕಳಿದ್ದರು. ಆದರೂ ದಾಂಪತ್ಯದಲ್ಲಿ ಬಿರುಕು ಮೂಡಿತು. ಪತ್ನಿಯನ್ನೇ ನಾಯಕಿಯಾಗಿಸಿ ಆರಂಭಿಸಿದ ‘ಗೌರಿ’ ಎಂಬ ಬಂಗಾಳಿ ಚಿತ್ರ ಅರ್ಧದಲ್ಲಿಯೇ ನಿಂತಿತು. ‘ಪ್ಯಾಸಾ’ (1957) ಅಪಾರ ಜನಮನ್ನಣೆ ಗಳಿಸಿದರೆ, ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರವಾದ ‘ಕಾಗಜ್ ಕೆ ಫೂಲ್’ (1959) ಸೋಲುಂಡಿತು. ಪತ್ನಿಯಿಂದ ದೂರವಾಗಿ ಒಂಟಿಯಾಗುವ ನಿರ್ದೇಶಕನ ಕಥೆ ಅದರದು. ಅನಂತರ ಅವರು ತಮ್ಮ ಹೆಸರಿನಲ್ಲಿ ಯಾವ ಚಿತ್ರವನ್ನೂ ನಿರ್ದೇಶಿಸಲಿಲ್ಲ.

1962ರಲ್ಲಿ ಅವರು ನಿರ್ಮಿಸಿದ ‘ಸಾಹಿಬ್ ಬೀಬಿ ಔರ್ ಗುಲಾಮ್’ ಚಿತ್ರದಲ್ಲಿ, ಗಂಡನನ್ನು ಮನೆಯಲ್ಲಿ ಉಳಿಸಿಕೊಳ್ಳಲು ಹಂಬಲಿಸುವ ಸೊಸೆಯ ಪಾತ್ರ ಮೀನಾ ಕುಮಾರಿಯವರದು. ಆ ಪಾತ್ರಕ್ಕೆ ಹಾಡಿದವರು ಗೀತಾ ದತ್ತ್. ಇದನ್ನು ನೆನೆದಾಗ ನಮ್ಮ ಮನಸ್ಸು ಭಾರವಾಗುತ್ತದೆ.

ಕೊನೆಯ ದಿನಗಳಲ್ಲಿ ಪತಿ ಪತ್ನಿ ಬೇರೆಬೇರೆಯಾಗಿಯೇ ವಾಸಿಸುತ್ತಿದ್ದರು. 1964ರ ಅಕ್ಟೋಬರ್ 10ರಂದು ಮುಂಬಯಿಯ ಪೆಡ್ಡರ್ ರಸ್ತೆಯ ಮನೆಯಲ್ಲಿ ಗುರುದತ್ತ್ ನಿಧನರಾದರು. ವಯಸ್ಸು ಕೇವಲ ಮೂವತ್ತೊಂಬತ್ತು. ಗೀತಾ ದತ್ತ್ 1972ರ ಜುಲೈ 20ರಂದು ತೀರಿಕೊಂಡರು. ಅದಕ್ಕೆ ಸ್ವಲ್ಪ ಮುಂಚೆ, 1971ರಲ್ಲಿ, ಒಬ್ಬರಿಗೊಬ್ಬರು ಸಮಯ ಕೊಡಲಾಗದ ಪಟ್ಟಣದ ದಂಪತಿಯ ಕಥೆಯುಳ್ಳ ‘ಅನುಭವ್’ ಚಿತ್ರಕ್ಕೆ ಅವರು ಹಾಡಿದ್ದರು.

ಇಬ್ಬರಲ್ಲಿ ತಪ್ಪು ಯಾರದೆಂದು ಅಳೆಯುವ ಅಧಿಕಾರ ನಮಗಿಲ್ಲ. ಆದರೆ ಪ್ರೇಮದ ದೃಶ್ಯಗಳನ್ನು ಅಷ್ಟು ಚೆಲುವಾಗಿ ಕಟ್ಟಿದ ಕೈಗಳಿಗೇ ಸಂಸಾರ ಕಟ್ಟುವುದು ಸುಲಭವಾಗಲಿಲ್ಲ ಎಂಬುದನ್ನು ಮರೆಯಲಾಗದು. ವಧೂವರರ ಅನ್ವೇಷಣೆಯಲ್ಲಿರುವ ನಮ್ಮ ಮಕ್ಕಳು ಅವರ ಚಿತ್ರಗಳನ್ನು ಅವಶ್ಯವಾಗಿ ನೋಡಲಿ. ಜೊತೆಗೆ ಅವರ ಬಾಳನ್ನೂ ಅರಿಯಲಿ. ಹಾಡು ಮುಗಿದ ಮೇಲೆ ಅಡುಗೆಮನೆಯ ದೀಪ ಹೊತ್ತಿಸುವವರಾರು, ದಣಿದು ಬಂದವರ ಮಾತು ಕೇಳುವವರಾರು ಎಂಬ ಪ್ರಶ್ನೆಗಳನ್ನು ಮದುವೆಗೆ ಮುನ್ನವೇ ಒಬ್ಬರನ್ನೊಬ್ಬರು ಕೇಳಿಕೊಂಡರೆ ಒಳಿತೆಂದು ನಾವು ಭಾವಿಸುತ್ತೇವೆ.