ಮಹಾದ್ವಾರದ ಹೊರಗಿನ ಪರಮಭಕ್ತ ಸಂತ ಚೋಖಾಮೇಳರು

ಆಷಾಢ, ಕಾರ್ತಿಕ ಏಕಾದಶಿಗಳಂದು ಪಂಢರಪುರಕ್ಕೆ ಹೋಗಿ ಬಂದ ಭಕ್ತರಿಗೆಲ್ಲ ಶ್ರೀ ವಿಠ್ಠಲನ ದೇವಾಲಯದ ಮಹಾದ್ವಾರವು ಪರಿಚಿತವೇ ಆಗಿದೆ. ಅಲ್ಲಿಯ ಮೊದಲನೆಯ ಪಾವಟಿಗೆಗೆ ನಾಮದೇವ ಪಾಯರಿ ಎಂದು ಹೆಸರು. ಭಕ್ತರು ಅದನ್ನು ತುಳಿಯದೆ, ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋಗುತ್ತಾರೆ. ಅದರ ಎದುರಿಗೇ ಒಂದು ಚಿಕ್ಕ ಸಮಾಧಿಯಿದೆ. ಅದು ಸಂತ ಚೋಖಾಮೇಳರದು. ಬದುಕಿದ್ದಾಗ ಈ ಬಾಗಿಲನ್ನು ದಾಟಲು ಸಮಾಜವು ಅವರಿಗೆ ಅಪ್ಪಣೆ ಕೊಡಲಿಲ್ಲ. ಬಾಗಿಲಿನ ಹೊರಗೆ ನಿಂತೇ ಅವರು ವಿಠ್ಠಲನನ್ನು ತಮ್ಮವನನ್ನಾಗಿ ಮಾಡಿಕೊಂಡರು.

ಚೋಖಾಮೇಳರ ಊರು ಇಂದಿನ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ. ಇದು ಕನ್ನಡಿಗರಿಗೆ ಹೊಸ ಹೆಸರಲ್ಲ. ಕಲಚೂರಿ ಬಿಜ್ಜಳನು ಕಲ್ಯಾಣಕ್ಕೆ ಬರುವ ಮೊದಲು ಆಳುತ್ತಿದ್ದ ಮಂಗಳವಾಡವೇ ಇದು. ಬಸವಣ್ಣನವರು ಕರಣಿಕ ವೃತ್ತಿಯನ್ನು ಆರಂಭಿಸಿದ್ದೂ ಇಲ್ಲಿಯೇ. ಟೀಕಾಚಾರ್ಯರೆಂದು ಪ್ರಸಿದ್ಧರಾದ ಶ್ರೀ ಜಯತೀರ್ಥರ ಪೂರ್ವಾಶ್ರಮದ ಊರೂ ಇದೇ ಎಂದು ಪ್ರತೀತಿಯಿದೆ. ಇಂಥ ಊರಿನಲ್ಲಿ, ಹದಿಮೂರನೆಯ ಶತಮಾನದ ಕೊನೆ ಮತ್ತು ಹದಿನಾಲ್ಕನೆಯ ಶತಮಾನದ ಮೊದಲ ಭಾಗದಲ್ಲಿ ಚೋಖಾಮೇಳರು ಬಾಳಿದರು.

ಅವರು ಮಹಾರ ಸಮಾಜದವರು. ಸತ್ತ ದನಗಳನ್ನು ಎಳೆದು ಹಾಕುವುದು, ಊರ ಗೋಡೆ ಬೇಲಿಗಳನ್ನು ದುರಸ್ತಿ ಮಾಡುವುದು, ಊರವರು ಹೇಳಿದ ಕೆಲಸಕ್ಕೆಲ್ಲ ಓಡಾಡುವುದು ಆ ಸಮಾಜದ ಪಾಲಿಗೆ ಬಂದ ಕೆಲಸಗಳಾಗಿದ್ದವು. ಪ್ರತಿಫಲವೆಂದರೆ ಮನೆಮನೆಯ ಉಳಿದ ಅನ್ನ. ವಾಸ ಊರ ಹೊರಗೆ. ಅವರ ದುಡಿಮೆಯಿಲ್ಲದೆ ಊರು ನಡೆಯುತ್ತಿರಲಿಲ್ಲ, ಆದರೆ ಅವರ ನೆರಳೂ ಊರಿಗೆ ಬೇಡವಾಗಿತ್ತು.

ಈ ಬಾಳಿನ ನಡುವೆ ಚೋಖಾಮೇಳರಿಗೆ ದೊರೆತ ಮಹಾಭಾಗ್ಯವೆಂದರೆ ಸಂತ ನಾಮದೇವರ ಸಂಗ. ನಾಮದೇವರು ಶಿಂಪಿ ಕುಲದವರು. ಅವರ ಸುತ್ತ ಸೇರಿದ್ದ ಸಂತಮಂಡಳಿಯಲ್ಲಿ ಕುಂಬಾರ ಕಾಯಕದ ಗೋರಾ, ತೋಟಗಾರ ಸಾವತಾ ಮಾಳಿ, ಅಕ್ಕಸಾಲಿ ನರಹರಿ, ಮನೆಗೆಲಸದ ಜನಾಬಾಯಿ ಇದ್ದರು. ಒಬ್ಬರ ಮನೆಯ ಕಷ್ಟ ಇನ್ನೊಬ್ಬರಿಗೆ ತಿಳಿದಿತ್ತು. ಒಬ್ಬರ ಅಭಂಗಕ್ಕೆ ಇನ್ನೊಬ್ಬರು ತಾಳ ಹಾಕುತ್ತಿದ್ದರು. ನಾಮದೇವರನ್ನು ಚೋಖಾಮೇಳರು ಗುರುವೆಂದು ಸ್ವೀಕರಿಸಿದರು. ಚೋಖಾಮೇಳರು ಹಾಡಿದ ಅಭಂಗಗಳನ್ನು ಅನಂತಭಟ್ಟನೆಂಬ ಬ್ರಾಹ್ಮಣನು ಬರೆದುಕೊಳ್ಳುತ್ತಿದ್ದನೆಂದು ಸಂಪ್ರದಾಯವು ಹೇಳುತ್ತದೆ. ಊರು ಹೊರಗಿಟ್ಟವರನ್ನು ಈ ಗೆಳೆಯರ ಕೂಟವು ಒಳಗೆ ಕರೆದುಕೊಂಡಿತು.

ಆದರೆ ಕೀರ್ತನೆ ಮುಗಿದು ಎಲ್ಲರೂ ದರ್ಶನಕ್ಕೆ ಹೊರಟರೆ ಚೋಖಾಮೇಳರು ಮಹಾದ್ವಾರದಲ್ಲಿಯೇ ನಿಲ್ಲಬೇಕಾಗುತ್ತಿತ್ತು. ಈ ನೋವಿನಿಂದಲೇ ಹುಟ್ಟಿದ ಹಲವು ಕಥೆಗಳನ್ನು ಮಹೀಪತಿಯು 1762ರಲ್ಲಿ ರಚಿಸಿದ ಭಕ್ತವಿಜಯ ಗ್ರಂಥವೂ ಜನರ ಬಾಯಿಮಾತೂ ಉಳಿಸಿಕೊಂಡು ಬಂದಿವೆ. ಒಂದು ರಾತ್ರಿ ಸ್ವತಃ ವಿಠ್ಠಲನೇ ಬಂದು ಅವರ ಕೈಹಿಡಿದು ಗರ್ಭಗುಡಿಗೆ ಕರೆದೊಯ್ದನಂತೆ. ವಿಷಯ ತಿಳಿದ ಅರ್ಚಕರು ಕೋಪಗೊಂಡು, ಅವರು ಊರಲ್ಲಿರಕೂಡದೆಂದು ಚಂದ್ರಭಾಗೆಯ ಆಚೆಯ ದಡಕ್ಕೆ ಕಳಿಸಿದರು. ಚೋಖಾಮೇಳರು ಜಗಳ ಕಾಯಲಿಲ್ಲ. ಆಚೆಯ ದಡದಲ್ಲಿ ದೇವಾಲಯಕ್ಕೆ ಎದುರಾಗಿ ಒಂದು ದೀಪಮಾಲೆಯನ್ನು ಕಟ್ಟಿದರು. ತಾವು ಒಳಗೆ ಹೋಗಲಾರದಿದ್ದರೂ ತಮ್ಮ ದೀಪದ ಬೆಳಕು ಹೊಳೆ ದಾಟಿ ಸ್ವಾಮಿಯನ್ನು ಮುಟ್ಟಲೆಂಬುದು ಅವರ ಭಾವನೆ.

ಆ ದಡಕ್ಕೂ ಸ್ವಾಮಿಯು ಊಟಕ್ಕೆ ಬಂದನೆಂದು ಕಥೆ ಮುಂದುವರಿಯುತ್ತದೆ. ಚೋಖಾಮೇಳರ ಪತ್ನಿ ಸೋಯರಾಬಾಯಿಯವರು ಬಡಿಸುವಾಗ ಕೈತಪ್ಪಿ ಮೊಸರು ವಿಠ್ಠಲನ ಪೀತಾಂಬರದ ಮೇಲೆ ಚೆಲ್ಲಿತು. ಅದೇ ದಾರಿಯಲ್ಲಿ ಬಂದ ಅರ್ಚಕನೊಬ್ಬನು, ದೇವರೊಡನೆ ಉಣ್ಣುತ್ತಿರುವಂತೆ ಮಾತಾಡುವ ಚೋಖಾಮೇಳರನ್ನು ಕಂಡು ಸಿಟ್ಟಿನಿಂದ ಕೆನ್ನೆಗೆ ಹೊಡೆದನು. ಬಳಿಕ ಆತ ಸ್ನಾನ ಮಾಡಿ ಮಡಿಯಿಂದ ಗುಡಿಗೆ ಹೋಗಿ ನೋಡುತ್ತಾನೆ, ಸ್ವಾಮಿಯ ಪೀತಾಂಬರದಲ್ಲಿ ಮೊಸರು, ಕೆನ್ನೆಯ ಮೇಲೆ ಬಾವು! ಹೊರಗಿನ ಭಕ್ತನಿಗೆ ಬಿದ್ದ ಪೆಟ್ಟು ಒಳಗಿನ ದೇವರಿಗೆ ಬಿದ್ದಿತ್ತು. ಅರ್ಚಕನು ಪಶ್ಚಾತ್ತಾಪದಿಂದ ಕರಗಿಹೋದನು. ಉಡುಪಿಯ ಕನಕನ ಕಿಂಡಿಯ ಕಥೆಯನ್ನು ಬಲ್ಲ ಕನ್ನಡಿಗರಿಗೆ ಈ ಕಥೆಯ ಮರ್ಮವನ್ನು ಬೇರೆ ಹೇಳಬೇಕಾಗಿಲ್ಲ.

ಕಥೆಗಳಲ್ಲಿ ಪವಾಡದಿಂದ ಎಲ್ಲವೂ ಸುಖಾಂತವಾಗುತ್ತದೆ. ಅವರ ಅಭಂಗಗಳಲ್ಲಿ ಹಾಗಿಲ್ಲ. ಚೋಖಾಮೇಳರ ಹೆಸರಿನಲ್ಲಿ ಸುಮಾರು 350 ಅಭಂಗಗಳು ದೊರೆತಿವೆ. ಕೆಲವದರಲ್ಲಿ ವಿಠ್ಠಲನ ರೂಪವನ್ನು ನೆನೆದು ಆನಂದಪಡುತ್ತಾರೆ. ಕೆಲವದರಲ್ಲಿ ಈ ಜನ್ಮವು ಹಿಂದಿನ ಕರ್ಮದ ಫಲವೆಂದು ತಲೆಬಾಗುತ್ತಾರೆ. ಇನ್ನು ಕೆಲವದರಲ್ಲಿ, ಹುಟ್ಟು ಸಾವುಗಳೆರಡರಲ್ಲೂ ಸೂತಕವಿರುವಾಗ ಮೈಲಿಗೆಯಿಲ್ಲದವರು ಯಾರೆಂದು ನೇರವಾಗಿ ಕೇಳುತ್ತಾರೆ. ತಲೆಬಾಗಿದವರೂ ಪ್ರಶ್ನೆ ಕೇಳಿದವರೂ ಒಬ್ಬರೇ. ಸುತ್ತಲಿನ ಸಮಾಜದ ಒತ್ತಡವನ್ನು ಹೊತ್ತ ಮನಸ್ಸು ಎಷ್ಟು ತೊಳಲಾಡುತ್ತದೆಂಬುದಕ್ಕೆ ಆ ಅಭಂಗಗಳೇ ಸಾಕ್ಷಿ.

ಚೋಖಾಮೇಳರ ಮನೆಯವರೆಲ್ಲರೂ ಕವಿಗಳು. ಸೋಯರಾಬಾಯಿ, ತಂಗಿ ನಿರ್ಮಳಾ, ನಿರ್ಮಳೆಯ ಪತಿ ಬಂಕಾ, ಮಗ ಕರ್ಮಮೇಳ, ಎಲ್ಲರ ಅಭಂಗಗಳೂ ಉಳಿದು ಬಂದಿವೆ. ಸೋಯರಾಬಾಯಿಯವರು ತಮ್ಮನ್ನು ಚೋಖಾನ ಮಹಾರಿ ಎಂದೇ ಕರೆದುಕೊಂಡರು. ದೇಹವಿದ್ದ ಮೇಲೆ ಮೈಲಿಗೆ ಇದ್ದೇ ಇದೆ, ಆತ್ಮಕ್ಕೆ ಅದು ತಟ್ಟದು ಎಂಬುದು ಅವರ ವಾದ. ಅವರ ಹೆರಿಗೆಯ ಹೊತ್ತಿನಲ್ಲಿ ಚೋಖಾಮೇಳರು ಮನೆಯಲ್ಲಿರಲಿಲ್ಲ. ಆಗ ವಿಠ್ಠಲನೇ ನಾದಿನಿಯ ರೂಪದಲ್ಲಿ ಬಂದು ಬಾಣಂತನ ಮಾಡಿದನೆಂಬ ಕಥೆ ಹೆಂಗಸರ ಬಾಯಲ್ಲಿ ಇಂದಿಗೂ ಇದೆ. ಮಗ ಕರ್ಮಮೇಳನ ಧ್ವನಿಯೇ ಬೇರೆ. ತಂದೆಯ ಸಮಾಧಾನ ಅವನಿಗೆ ಸಾಕಾಗಲಿಲ್ಲ. ತಮ್ಮನ್ನೇಕೆ ಕೀಳು ಮಾಡಿ ಹುಟ್ಟಿಸಿದೆಯೆಂದು ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಹೀಗೆ ಕೇಳುವ ಮಗನೂ ಭಕ್ತನೇ. ಅವನ ಮಾತನ್ನೂ ವಾರಕರಿ ಸಂಪ್ರದಾಯವು ಕಾಪಾಡಿಕೊಂಡು ಬಂದಿದೆ.

ಮಂಗಳವೇಢೆಯಲ್ಲಿ ಊರಗೋಡೆಯನ್ನು ಕಟ್ಟುವ ಕೆಲಸಕ್ಕೆ ಮಹಾರರನ್ನು ಕರೆಸಲಾಯಿತು. ಚೋಖಾಮೇಳರೂ ಕಲ್ಲು ಮಣ್ಣು ಹೊರುತ್ತಿದ್ದರು. ಗೋಡೆ ಕುಸಿದು ಅನೇಕ ಕೂಲಿಗಳೊಡನೆ ಅವರೂ ಅಡಿಯಲ್ಲಿ ಸಿಕ್ಕಿ ತೀರಿಕೊಂಡರು. ಇದು ನಡೆದದ್ದು 1338ರಲ್ಲಿ ಎಂದು ಸಂಪ್ರದಾಯದ ಎಣಿಕೆ. ಯಾವ ಊರು ಅವರನ್ನು ಹೊರಗಿಟ್ಟಿತ್ತೋ ಆ ಊರಿನ ಗೋಡೆಯನ್ನು ಕಟ್ಟುತ್ತಲೇ ಅವರು ಪ್ರಾಣ ಬಿಟ್ಟರು.

ಸುದ್ದಿ ತಿಳಿದ ನಾಮದೇವರು ಮಂಗಳವೇಢೆಗೆ ಧಾವಿಸಿ ಬಂದರು. ಕಲ್ಲುಮಣ್ಣಿನ ರಾಶಿಯಲ್ಲಿ ಎಷ್ಟೋ ಜನರ ಎಲುಬುಗಳು ಬೆರೆತುಹೋಗಿದ್ದವು. ನಾಮದೇವರು ಒಂದೊಂದನ್ನೇ ಎತ್ತಿ ಕಿವಿಗೆ ಹಿಡಿದರಂತೆ. ಯಾವ ಎಲುಬಿನಿಂದ ವಿಠ್ಠಲ ನಾಮವು ಕೇಳಿಸಿತೋ ಅವನ್ನೆಲ್ಲ ಆರಿಸಿ, ಪಂಢರಪುರಕ್ಕೆ ಒಯ್ದು ಮಹಾದ್ವಾರದ ಎದುರು ಸಮಾಧಿ ಮಾಡಿಸಿದರು. ನಾಮದೇವರಿಗೆ ಒಳಗೆ ಹೋಗಲು ಅಡ್ಡಿಯಿರಲಿಲ್ಲ. ಹಾಗಿದ್ದರೂ ಕೊನೆಗೆ ಅವರು ತಮಗಾಗಿ ಬೇಡಿಕೊಂಡದ್ದು ಬಾಗಿಲಿನ ಪಾವಟಿಗೆಯನ್ನೇ. 1350ರಲ್ಲಿ ಅವರು ಅಲ್ಲಿ ಸಮಾಧಿಸ್ಥರಾದರೆಂದು ವಾರಕರಿಗಳು ನಂಬುತ್ತಾರೆ. ಗೆಳೆಯನನ್ನು ಒಳಗೆ ಕರೆದೊಯ್ಯಲಾಗದ ಗುರುವು ತಾನೇ ಬಾಗಿಲಿಗೆ ಬಂದು ಅವನೆದುರು ನೆಲೆನಿಂತಂತಾಯಿತು.

ಚೋಖಾಮೇಳರು ಪೂಜ್ಯರಾದರು. ಆದರೆ ಅವರ ಜನರಿಗೆ ಬಾಗಿಲು ತೆರೆಯಲಿಲ್ಲ. ಅವರ ಅಭಂಗಗಳನ್ನು ಹಾಡುತ್ತ ಲಕ್ಷಾಂತರ ಜನ ಒಳಗೆ ಹೋದರು. ಅವರ ಕುಲದವರು ಮಾತ್ರ ಆರುನೂರು ವರ್ಷಗಳಿಗೂ ಮಿಕ್ಕಿ ಅವರ ಸಮಾಧಿಯವರೆಗೆ ಬಂದು ಹಿಂತಿರುಗಿದರು. 1947ರ ಮೇ ತಿಂಗಳಲ್ಲಿ ಸಾನೆ ಗುರೂಜಿಯವರು ಪಂಢರಪುರದಲ್ಲಿ ಉಪವಾಸ ಕುಳಿತ ಬಳಿಕವೇ ಆ ಬಾಗಿಲು ಎಲ್ಲರಿಗೂ ತೆರೆಯುವಂತಾಯಿತು. ಮರುವರ್ಷ, 1948ರಲ್ಲಿ, ಡಾ. ಬಾಬಾಸಾಹೇಬ ಅಂಬೇಡ್ಕರರು ಅಸ್ಪೃಶ್ಯರನ್ನು ಕುರಿತ ತಮ್ಮ ಗ್ರಂಥವನ್ನು ನಂದನಾರ್, ರವಿದಾಸ ಮತ್ತು ಚೋಖಾಮೇಳ ಈ ಮೂವರು ಸಂತರ ಸ್ಮರಣೆಗೆ ಅರ್ಪಿಸಿದರು.

ಸಂತರನ್ನು ಪೂಜಿಸುವುದು ಸುಲಭ, ಅವರ ಜನರನ್ನು ಪಕ್ಕದಲ್ಲಿ ಕೂಡಿಸಿಕೊಳ್ಳುವುದು ಕಷ್ಟ ಎಂಬುದನ್ನು ಚೋಖಾಮೇಳರ ಚರಿತ್ರೆಯು ತೋರಿಸುತ್ತದೆ. ಜಾತ್ರೆ, ರಥೋತ್ಸವ, ಅನ್ನಸಂತರ್ಪಣೆಗಳು ನಡೆಯುವಲ್ಲೆಲ್ಲ ಪಂಕ್ತಿಯ ಕೊನೆಯಲ್ಲಿ, ಬಾಗಿಲಿನ ಆಚೆ ಯಾರಾದರೂ ನಿಂತಿದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡುವುದೇ ಈ ಮಹಾತ್ಮರಿಗೆ ಸಲ್ಲಿಸುವ ನಿಜವಾದ ನಮಸ್ಕಾರ. ಸ್ವಾಮಿಯು ಎಷ್ಟೋ ಸಲ ಅಲ್ಲಿಯೇ ನಿಂತಿರುತ್ತಾನೆ.