ಒರೆಗಲ್ಲು ಹಿಡಿದ ದಿವಾನರು

ಗೋವಿಂದರಾಜನಗರ, ಕಾಮಾಕ್ಷಿಪಾಳ್ಯಗಳ ಸಣ್ಣ ಕಾರ್ಖಾನೆಗಳ ಮಾಲೀಕರಿಗೆ ಈಗ ಬೆಂಚ್‌ಮಾರ್ಕಿಂಗ್ ಎಂಬ ಉಪದೇಶವು ಎಲ್ಲ ಕಡೆಯಿಂದಲೂ ದೊರೆಯುತ್ತಿದೆ. ಉತ್ತಮರ ಕೆಲಸದೊಡನೆ ತಮ್ಮ ಕೆಲಸವನ್ನು ಒರೆಗೆ ಹಚ್ಚಿ ನೋಡುವುದೆಂದೇ ಇದರ ಅರ್ಥ. ಹೆಸರು ಹೊಸದಾದರೂ ಕಾರ್ಯವು ನಮ್ಮ ನಾಡಿಗೆ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಜೀವಿತವನ್ನು ಈ ದೃಷ್ಟಿಯಿಂದ ವಾಚಕರ ಮುಂದಿಡಲು ಬಯಸುತ್ತೇವೆ.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಪಿತೃವಿಯೋಗವನ್ನು ಅನುಭವಿಸಿ, ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಪುಣೆಯಲ್ಲಿ ಇಂಜಿನಿಯರಾದ ವೃತ್ತಾಂತವು ಎಲ್ಲರಿಗೂ ತಿಳಿದುದೇ. ಕನ್ನಂಬಾಡಿಯ ಕಟ್ಟೆಯ ಕಥೆಯನ್ನಂತೂ ಶಾಲೆಯ ಮಕ್ಕಳೂ ಬಲ್ಲರು. ಅಷ್ಟಾಗಿ ಪ್ರಚಾರದಲ್ಲಿಲ್ಲದ ಸಂಗತಿಯೆಂದರೆ, ಮುಂಬಯಿ ಸರ್ಕಾರದ ಸೇವೆಯಲ್ಲಿದ್ದಾಗ, 1898ರಲ್ಲಿ, ಅವರು ಜಪಾನಿಗೆ ಹೋಗಿಬಂದದ್ದು. ರಷ್ಯದೊಡನೆ ಯುದ್ಧಮಾಡಿ ಗೆಲ್ಲುವುದಕ್ಕೆ ಎಷ್ಟೋ ಮೊದಲು, ಲೋಕವು ಆ ದೇಶವನ್ನು ಇನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಕಾಲವದು. ಒಂದು ತಲೆಮಾರಿನ ಹಿಂದೆ ನಮ್ಮಂತೆಯೇ ಇದ್ದ ಏಷ್ಯದ ಜನ ಮೇಲೆದ್ದ ಬಗೆಯನ್ನು ನೋಡಿದವರಿಗೆ, ನಮ್ಮಿಂದ ಆಗದು ಎಂಬ ನೆಪ ಉಳಿಯುವುದಿಲ್ಲ. 1920ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಭಾರತದ ಅಂಕಿ ಅಂಶಗಳನ್ನು ಜಪಾನ್, ಕೆನಡಾ ಮುಂತಾದ ದೇಶಗಳ ಅಂಕಿಗಳ ಪಕ್ಕದಲ್ಲಿ ಅವರು ನಿರ್ದಾಕ್ಷಿಣ್ಯವಾಗಿ ಇಟ್ಟರು.

ದಿವಾನಗಿರಿಯ ಕಾಲದಲ್ಲಿ, ಅಂದರೆ 1912ರಿಂದ 1918ರವರೆಗೆ, ಈ ಅಭ್ಯಾಸವೇ ಕಾರ್ಖಾನೆಗಳಾಗಿ ಫಲಿಸಿತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿನಲ್ಲಿ ಸಾಬೂನಿನ ವಿದ್ಯೆಯನ್ನು ಕಲಿತು ಬಂದು, ಅದಕ್ಕೆ ನಮ್ಮ ಶ್ರೀಗಂಧದ ಎಣ್ಣೆಯನ್ನು ಕೂಡಿಸಿದರು. ಆ ಸಾಬೂನಿನ ಕಾರ್ಖಾನೆ ಇಂದು ರಾಜಾಜಿನಗರದ ಬದಿಯಲ್ಲಿಯೇ ಇದೆ.

ನಿಜವಾದ ಪರೀಕ್ಷೆ ನಡೆದುದು ಭದ್ರಾವತಿಯಲ್ಲಿ. 1923ರ ಜನವರಿಯಲ್ಲಿ ಅಲ್ಲಿಯ ಕುಲುಮೆ ಹೊತ್ತಿಕೊಂಡಿತು. ಮಹಾಯುದ್ಧಾನಂತರದಲ್ಲಿ ಕಬ್ಬಿಣದ ಬೆಲೆ ಕುಸಿದುಹೋಗಿತ್ತು. ಸಂಸ್ಥಾನದ ಹಣವನ್ನು ಬೆಂಕಿಗೆ ಸುರಿದಂತಾಯಿತೆಂಬ ಆಕ್ಷೇಪಣೆ ಎದ್ದಿತು. ಅದೇ ವರ್ಷ ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿಕೊಂಡರು.

ಇಲ್ಲಿ ಹೋಲಿಕೆಯ ಸೂಕ್ಷ್ಮವೊಂದಿದೆ. ಜಮ್‌ಷೆಡ್‌ಪುರದಲ್ಲಿ ಉರಿಯುವುದು ಕಲ್ಲಿದ್ದಲಿನ ಕೋಕ್. ಕಲ್ಲಿದ್ದಲಿಲ್ಲದ ಮೈಸೂರಿನಲ್ಲಿ ಉರಿದುದು ಕಾಡಿನ ಮರದ ಇದ್ದಿಲು. ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯಿಂದ. ಒಂದು ಟನ್ನಿನ ಅಸಲು ಬೆಲೆಯನ್ನು ಮಾತ್ರ ಅಕ್ಕಪಕ್ಕ ಇಟ್ಟರೆ ಭದ್ರಾವತಿಗೆ ಬೀಗ ಹಾಕುವುದೇ ನ್ಯಾಯವೆಂದು ತೋರುವುದು. ಆದರೆ ಮರವನ್ನು ಇದ್ದಿಲು ಮಾಡುವಾಗ ದೊರೆಯುವ ಮರದ ಸಾರಾಯಿ, ಟಾರು ಮುಂತಾದ ಉಪವಸ್ತುಗಳನ್ನೂ, ಇದ್ದಿಲಿನ ಕಬ್ಬಿಣದ ಶುದ್ಧತೆಯನ್ನೂ ಲೆಕ್ಕಕ್ಕೆ ಹಿಡಿಯದ ಹೋಲಿಕೆ ಹೋಲಿಕೆಯೇ ಅಲ್ಲ. ಎಲ್ಲಿ, ಯಾವ ಕೆಲಸದಲ್ಲಿ, ಯಾವ ಕಾರಣದಿಂದ ಹೆಚ್ಚು ಖರ್ಚಾಗುತ್ತಿದೆಯೆಂದು ಬಿಡಿಬಿಡಿಯಾಗಿ ನೋಡಿದವನಿಗೆ ಮಾತ್ರ ಪರರ ಅಂಕಿಯಿಂದ ಪ್ರಯೋಜನವುಂಟು. ಪರರ ದರವನ್ನು ಕೇಳಿದೊಡನೆ ಕೂಲಿಯವರ ದಿನಗೂಲಿಗೆ ಕತ್ತರಿ ಹಾಕುವ ನಮ್ಮ ಕೆಲವು ಮಾಲೀಕರು ಈ ಶ್ರಮವನ್ನು ಪಡುವುದಿಲ್ಲ. ಭದ್ರಾವತಿಯಲ್ಲಿ ಖರ್ಚನ್ನು ಇಳಿಸಲಾಯಿತು. ಪರದೇಶದ ತಜ್ಞರ ಸ್ಥಾನಗಳಿಗೆ ನಮ್ಮವರು ಬಂದರು. 1929ರಲ್ಲಿ ಅವರು ಹೊರಬಂದಾಗ ಕಾರ್ಖಾನೆ ಉಳಿದುಕೊಂಡಿತ್ತು. ಕೆಲವು ವರ್ಷಗಳಲ್ಲಿ ಉಕ್ಕನ್ನೂ ತಯಾರಿಸಿತು.

1941ರಲ್ಲಿ ಅಖಿಲ ಭಾರತ ತಯಾರಕರ ಸಂಘವನ್ನು ಕಟ್ಟಿದ ಈ ವೃದ್ಧರು, ಎಂಬತ್ತೈದರ ಆಸುಪಾಸಿನಲ್ಲಿ, 1946ರಲ್ಲಿ, ಉದ್ಯಮಿಗಳ ನಿಯೋಗವೊಂದನ್ನು ಪರದೇಶಗಳ ಕಾರ್ಖಾನೆಗಳನ್ನು ನೋಡಲು ಕರೆದೊಯ್ದರು. ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಅವರು ಮನೆಗೆ ಒಯ್ಯಲಿಲ್ಲ. ಹುಡುಗರು ಕಸುಬು ಕಲಿಯುವ ಶಾಲೆಗೆ ಅದು ವಿನಿಯೋಗವಾಗಬೇಕೆಂದು ಕೇಳಿಕೊಂಡರು; 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಶಾಲೆ ತೆರೆಯಿತು.